ಮೊದಲ ಸಾಲಿನಲ್ಲಿದ್ದ ನನ್ನ ಹೆಸರು

ಆ ಫೈಲನ್ನು ಅಳಿಸಿದ್ದು ನೀವಲ್ಲ ಸುಮಂಗಲಕ್ಕಾ, ನಾನು. ಇದು ನಿಮಗೆ ಗೊತ್ತಿದೆ. ನಿಮಗೆ ಗೊತ್ತಿದೆ ಎಂಬುದು ನನಗೂ ಗೊತ್ತಿದೆ. ಆದರೂ ಇಷ್ಟು ವರ್ಷ ಆ ಮಾತು ನಮ್ಮಿಬ್ಬರ ಬಾಯಿಂದಲೂ ಬರಲಿಲ್ಲ — ನೀವು ಆಡದಿದ್ದದ್ದು ದೊಡ್ಡತನದಿಂದ, ನಾನು ಆಡದಿದ್ದದ್ದು ಬರೀ ಪುಕ್ಕಲುತನದಿಂದ.

ನಮ್ಮನ್ನು ಅರಿಯದವರು ಓದಿದರೂ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ಬನಹಟ್ಟಿಯಲ್ಲಿ ಶಿವಲಿಂಗಪ್ಪ ಸಾವಕಾರರ ಡಿಸೈನ್ ಅಂಗಡಿ. ಸೀರೆಯ ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಜಕಾರ್ಡ್ ಮಗ್ಗದ ರಟ್ಟುಗಳಿಗೆ ತೂತು ಹೊಡೆದು ಕೊಡುವುದು ನಮ್ಮಿಬ್ಬರ ಕೆಲಸ. ಆ ತೂತುಗಳ ಪ್ರಕಾರವೇ ಮಗ್ಗ ಚಿತ್ತಾರ ನೇಯುತ್ತದೆ. ತೂತು ಹೊಡೆಯುವ ಯಂತ್ರ ಓಬೀರಾಯನ ಕಾಲದ್ದು. ಹೊಸ ಕಂಪ್ಯೂಟರ್ ಅದನ್ನು ಗುರುತೇ ಹಿಡಿಯಲಿಲ್ಲ. ಹೊಸ ಯಂತ್ರ ತರಲು ಸಾವಕಾರರು ಒಪ್ಪಲಿಲ್ಲ. ಆಗ ನೀವು, ಯಾರು ಬೇಕಾದರೂ ತಮಗೆ ತಕ್ಕಂತೆ ತಿದ್ದಿಕೊಳ್ಳಬಹುದಾದ ಲಿನಕ್ಸ್ ವ್ಯವಸ್ಥೆಯ ಕರ್ನಲ್ಲನ್ನೇ ಆ ಯಂತ್ರಕ್ಕೆ ತಕ್ಕಂತೆ ಕಟ್ಟಲು ಕುಳಿತಿರಿ.

ಕರ್ನಲ್ ಎಂದರೆ ಕಂಪ್ಯೂಟರಿನ ಒಳಗಿನ ಯಜಮಾನ, ಜೋಡಿಸಿದ ಯಂತ್ರಗಳನ್ನೆಲ್ಲ ಗುರುತಿಸಿ ನಡೆಸುವುದು ಅದೇ. ಅದರ ಸೋರ್ಸ್ ಕೋಡ್, ಅಂದರೆ ಮೂಲ ಬರಹ, ಎಲ್ಲರಿಗೂ ಒಂದೇ. ಆದರೆ ಆ ಬರಹದಿಂದ ಕರ್ನಲ್ ಕಟ್ಟುವ ಮೊದಲು ಅದು ಸಾವಿರಾರು ಪ್ರಶ್ನೆ ಕೇಳುತ್ತದೆ — ಇದು ಬೇಕೇ, ಬೇಡವೇ, ಬೇಕಾದಾಗ ಮಾತ್ರ ಸಾಕೇ? ನಾವು ಕೊಟ್ಟ ಉತ್ತರಗಳು ಒಂದು ಫೈಲಿನಲ್ಲಿ, ಸೋರ್ಸಿನ ಪಕ್ಕದಲ್ಲೇ ಉಳಿಯುತ್ತವೆ. ನೂಲು ಎಲ್ಲ ನೇಕಾರರದೂ ಒಂದೇ, ಸೀರೆ ಬೇರೆಯಾಗುವುದು ರಟ್ಟಿನ ತೂತುಗಳಿಂದ — ಹಾಗೆ. ಆ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ, ಅದಕ್ಕೇ ಸುಮ್ಮನೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ.

ದಿನಾ ರಬಕವಿಯಿಂದ ಬಂದು ಒಂದೊಂದೇ ಪ್ರಶ್ನೆ ಓದಿ, ತಪ್ಪಿ, ತಿದ್ದಿ, ಕೊನೆಗೂ ಯಂತ್ರವನ್ನು ಮಾತಾಡಿಸಿದಿರಿ. ಉತ್ತರಗಳ ನಕಲೊಂದನ್ನು ಕರ್ನಲ್ಲಿನ ಒಳಗೂ ಇಡಲೇ ಎಂಬುದೂ ಆ ಪ್ರಶ್ನೆಗಳಲ್ಲಿ ಒಂದಾಗಿತ್ತು. ನೀವು ಹೂಂ ಅಂದಿರಿ. ನಾನು ನಕ್ಕೆ.

“ಅಲ್ಲಕ್ಕಾ, ಉಂಡದ್ದು ಏನಂತ ಚೀಟಿ ಬರದು ಹೊಟ್ಟ್ಯಾಗ ಇಟ್ಕೊಂಡಂಗ ಆತಲ್ಲ ಇದು.”

“ಇರ್ಲಿ ಬಿಡೋ ಚಿದಾನಂದ, ನಿನಗೇನ್ ಭಾರ ಆಗ್ತೈತಿ?” ಅಂದಿರಿ.

ಆಮೇಲೆ ನೀವು ತಂಗಿಯ ನಿಶ್ಚಯಕ್ಕೆಂದು ಮುಧೋಳಕ್ಕೆ ಹೋದಿರಿ. ಅಂಗಡಿಗೆ ಹೊಸ ಸ್ಕ್ಯಾನರ್ ಬಂದಿತ್ತು, ಅದು ನಡೆಯುತ್ತಿರಲಿಲ್ಲ. ನೀವು ಬರುವುದರೊಳಗೆ ನಡೆಸಿ ಸಾವಕಾರರ ಮುಂದೆ ಮೀಸೆ ತಿರುವಬೇಕೆಂಬ ಚಪಲ ನನಗೆ. ಕರ್ನಲ್ಲನ್ನು ಮತ್ತೆ ಕಟ್ಟುವ ಮೊದಲು ಹಳೆಯದನ್ನು ಸ್ವಚ್ಛ ಮಾಡಬೇಕೆಂದು ಎಲ್ಲೋ ಓದಿದ್ದೆ. ಅದಕ್ಕೆ ಚಿಕ್ಕ ಆಜ್ಞೆ ಒಂದಿದೆ, ದೊಡ್ಡದು ಒಂದಿದೆ. ನಾನು ದೊಡ್ಡದನ್ನು ಕೊಟ್ಟೆ. ಅದು ಕಸದ ಜೊತೆಗೆ ನಿಮ್ಮ ಉತ್ತರಗಳನ್ನೂ ಗುಡಿಸಿಬಿಟ್ಟಿತು — ನನಗೆ ತಿಳಿಯಲೂ ಇಲ್ಲ. ಕೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿ ಎಂಟರ್ ಒತ್ತಿದೆ, ಕಟ್ಟಿದೆ, ಕೂರಿಸಿದೆ. ಕಂಪ್ಯೂಟರ್ ಎದ್ದಿತು, ಯಂತ್ರ ಏಳಲಿಲ್ಲ. ಹಳೆಯ ಕರ್ನಲ್ ಒಂದು ಮೂಲೆಯಲ್ಲಿ ಉಳಿದಿತ್ತು. ಆದರೆ ಯಂತ್ರವನ್ನು ಗುರುತಿಸಲು ಅದಕ್ಕೆ ಬೇಕಿದ್ದ ಬಿಡಿ ತುಣುಕುಗಳ ಮೇಲೆಯೇ ನಾನು ಹೊಸದಾಗಿ ಕಟ್ಟಿದವನ್ನು ಸುರಿದು ಅವನ್ನೂ ಅಳಿಸಿದ್ದೆ.

ಮದುವೆಯ ಕಾಲ. ರಟ್ಟಿಲ್ಲದೆ ಮಗ್ಗ ನಿಲ್ಲಿಸಿಕೊಂಡ ನೇಕಾರರು ಬಾಗಿಲಲ್ಲಿ ನಿಂತಿದ್ದರು. ಸಾವಕಾರರು ಕೇಳಿದರು, “ಯಾರು ಮಾಡಿದ್ದಿದು?”

“ಸುಮಂಗಲಕ್ಕ ಹೋಗೂ ಮುಂದ ಎಲ್ಲಾ ಸ್ವಚ್ಛ ಮಾಡಿ ಹೋಗ್ಯಾರ್ರಿ.”

ಇಷ್ಟೇ. ಯಾರೂ ನನ್ನ ಕತ್ತು ಹಿಡಿದು ಹೇಳಿಸಿದ್ದಲ್ಲ. ಸಾವಕಾರರು ಫೋನ್ ಮಾಡಿ ನಿಮಗೆ ಇನ್ನು ಬರಬೇಡ ಅಂದರು. ಅವರು ಹೇಳಿದಂತೆ ನಿಮ್ಮ ಲಾಗಿನ್ ಮುಚ್ಚಿದ್ದು — ಅದೂ ನಾನೇ.

ಯಂತ್ರ ನನ್ನಿಂದ ಸರಿಯಾಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ರಬಕವಿಗೆ, ನಿಮ್ಮ ಮನೆಗೆ ಬಂದೆ. ನಿಮ್ಮ ಕೆಲಸ ತಿಂದವನಿಗೆ ಚಹಾ ಕೊಟ್ಟಿರಿ. “ನಾಳೆ ಬರ್ತೀನಿ,” ಅಂದಿರಿ. ಮರುದಿನ ಸಾವಕಾರರು ಬೀಳಗಿಗೆ ಹೋಗುವವರಿದ್ದರು. ಅದನ್ನು ನೋಡಿಕೊಂಡೇ ಕರೆಯಲು ಬಂದಿದ್ದೆ ಅಕ್ಕಾ, ಈ ಸಣ್ಣತನವನ್ನೂ ಹೇಳಿಬಿಡುತ್ತೇನೆ.

ನಿಮ್ಮ ಲಾಗಿನ್ ಇರಲಿಲ್ಲವಾದ್ದರಿಂದ ನನ್ನದರಲ್ಲೇ ಕುಳಿತಿರಿ. ಮೇಲಿನ ಬಾಣದ ಕೀಲಿ ಒತ್ತಿದರೆ ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ಬರುತ್ತವೆ — ನನಗೆ ಅದರ ನೆನಪೇ ಇರಲಿಲ್ಲ. ನೀವು ಒತ್ತುತ್ತ ಹೋದಿರಿ. ಒಂದು ಕಡೆ ನಿಂತಿರಿ. ಪರದೆಯ ಮೇಲೆ ಆ ದೊಡ್ಡ ಆಜ್ಞೆ, ನನ್ನ ಲಾಗಿನ್ನಿನಲ್ಲಿ. ನಾನು ಬಾಗಿಲಿನ ಕಡೆ ನೋಡಿದೆ. ಈಗ ಬೈಯುತ್ತೀರಿ, ಈಗ ಎದ್ದು ಹೋಗುತ್ತೀರಿ ಎಂದುಕೊಂಡೆ. ನೀವು ಮೆಲ್ಲಗೆ ಹೇಳಿದಿರಿ:

“ಸ್ವಚ್ಛ ಮಾಡೂದ್ರಾಗೂ ಎರಡು ಥರಾ ಐತಿ, ಚಿದಾನಂದ. ಒಂದು ಕಸಾ ಒಗೀತೈತಿ, ಇನ್ನೊಂದು ಸಂಸಾರಾನಽ ಒಗೀತೈತಿ. ಇನ್ಮ್ಯಾಲ ನೋಡಿ ಮಾಡು.”

ಅಷ್ಟು ಹೇಳಿ ಕೆಲಸಕ್ಕೆ ತೊಡಗಿದಿರಿ. ಮೂಲೆಯಲ್ಲಿದ್ದ ಹಳೆಯ ಕರ್ನಲ್ಲಿನ ಹೊಟ್ಟೆಯಿಂದ ನಿಮ್ಮ ಉತ್ತರಗಳನ್ನು ತೆಗೆದಿರಿ — ನಾನು ನಕ್ಕಿದ್ದ ಅದೇ ಚೀಟಿ. ಸೋರ್ಸಿನ ಪಕ್ಕದಲ್ಲಿ ಇಟ್ಟು, ಹೊರಗೊಂದು ನಕಲು ಇಟ್ಟು, ಮತ್ತೆ ಕಟ್ಟಿದಿರಿ. ಯಂತ್ರ ರಟ್ಟು ಹೊಡೆಯಿತು. ಸಾವಕಾರರ ಬಸ್ಸು ಬರುವ ಮೊದಲೇ ನೀವು ಹೊರಟುಹೋದಿರಿ.

ಯಾರ ಲಾಗಿನ್ನಿನಲ್ಲಿ ಕಟ್ಟಿದರೋ ಅವರ ಹೆಸರನ್ನು ಕರ್ನಲ್ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಶುರುವಾಗುವಾಗ ಮೊದಲ ಸಾಲಿನಲ್ಲಿ ತೋರಿಸುತ್ತದೆ. ಮರುದಿನ ಸಾವಕಾರರು ಅದನ್ನು ಓದಿದರು.

“ಭೇಷ್. ಆಕಿ ಕೆಡಿಸಿದ್ದನ್ನ ನೀ ಸರಿ ಮಾಡ್ದಿ.”

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು. ಆಗಲೂ ಹೇಳಬಹುದಿತ್ತು —

ಆ ಹೆಸರಿನ ಮೇಲೆ ನನ್ನ ಸಂಸಾರ ನಡೆಯಿತು. ನೀವು ಜಮಖಂಡಿಗೆ ಹೋಗಿ, ಮೊದಲಿನಿಂದ ಶುರುಮಾಡಿ, ನಿಮ್ಮದೇ ಅಂಗಡಿ ಹಾಕಿದಿರಿ. ನಾನು ಎಲ್ಲಿ ತಡವರಿಸಿದರೂ ಫೋನ್ ಮಾಡುತ್ತಿದ್ದೆ. ನೀವು ಕೈಯಲ್ಲಿನ ಕೆಲಸ ಬಿಟ್ಟು ಹೇಳಿಕೊಡುತ್ತಿದ್ದಿರಿ. ಒಂದು ದಿನವೂ ಚುಚ್ಚಲಿಲ್ಲ. ನನಗೆ ಇಂದು ಏನು ಬರುತ್ತದೋ ಅದೆಲ್ಲ ನಿಮ್ಮಿಂದ ಬಂದದ್ದು. ಹೆತ್ತವರ ನಂತರ ನಾನು ಕೈ ಮುಗಿಯಬೇಕಾದವರು ನೀವೇ ಅಕ್ಕಾ. ಇದನ್ನು ಹೇಳಲು ನಾಚಿಕೆಯಿಲ್ಲ, ಇಷ್ಟು ತಡವಾಗಿ ಹೇಳುತ್ತಿರುವುದಕ್ಕೆ ಇದೆ.

ಆ ಕಂಪ್ಯೂಟರ್ ಈಗ ಅಟ್ಟ ಸೇರಿದೆ. ಸಾವಕಾರರಿಗೆ ವಯಸ್ಸಾಗಿದೆ, ಕಥೆ ಹೇಳುವ ಹುಮ್ಮಸ್ಸು ಹೋಗಿಲ್ಲ. ಮೊನ್ನೆ ಅಂಗಡಿಯಲ್ಲಿ ಯಾರಿಗೋ ಮತ್ತೆ ಅದನ್ನೇ ಹೇಳುತ್ತಿದ್ದರು — ಆಕೆ ಕೆಡಿಸಿದ್ದು, ಇವನು ಸರಿ ಮಾಡಿದ್ದು. ಪ್ರತಿ ಸಲ ನಾನೂ ನಗುತ್ತಿದ್ದೆ. ಮೊನ್ನೆ ನಗು ಬರಲಿಲ್ಲ. ಬಂದವರು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಕಡೆ ತಿರುಗಿ ಕುಳಿತು ಕೇಳಿದರು.

“ಆಕಿಗೆ ಗೊತ್ತೈತೇನು?”

“ಅವತ್ತಽ ಗೊತ್ತಾಗೈತ್ರಿ.”

“ಮತ್ತ ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲ ಆಕಿ?”

“ನಾನಽ ಹೇಳ್ಲಿ ಅಂತ ಕಾದಿರ್ಬೇಕ್ರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಜಮಖಂಡಿಗೆ ಹೋಗೂಣು,” ಅಂದರು.

ಭಾನುವಾರ ಇಬ್ಬರೂ ಬರುತ್ತೇವೆ. ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರೆಲ್ಲ ಇರುವಾಗಲೇ ಬರುತ್ತೇವೆ, ಯಾರೂ ಇಲ್ಲದ ಹೊತ್ತು ನೋಡಿಕೊಂಡಲ್ಲ. ಸಾವಕಾರರು ನಿಮ್ಮ ಕ್ಷಮೆ ಕೇಳುತ್ತಾರಂತೆ. ನಾನು ಕೇಳುವುದಿಲ್ಲ, ಕೇಳುವ ಮೊದಲೇ ಕೊಟ್ಟವರ ಹತ್ತಿರ ಇನ್ನೇನು ಕೇಳಲಿ? ಅವರೆಲ್ಲರ ಮುಂದೆ ನಿಂತು, ಈ ಬರಹದ ಮೊದಲ ಸಾಲನ್ನು — ಅಳಿಸಿದ್ದು ನೀವಲ್ಲ, ನಾನು ಎಂಬುದನ್ನು — ಬಾಯಿ ಬಿಟ್ಟು ಹೇಳುತ್ತೇನೆ.