ಒಂದೇ ಟೇಕಿನ ರಂಜನಾ

ಮಾದಿಹಳ್ಳಿಯ ಸಣ್ಣಯ್ಯನವರ ಮಗಳು ಇಂದು ಎಂಬವಳು ಸಿನಿಮಾ ಹೀರೋಯಿನ್ ಆದದ್ದು ಚೆಲುವಿನಿಂದಲ್ಲ, ಅಭಿನಯದಿಂದಲೂ ಅಲ್ಲ. ನೀರಿಗೆ ಬಿದ್ದಿದ್ದರಿಂದ.

ಅದು ತೊಂಬತ್ತೆರಡನೆಯ ಇಸವಿ. ಅರಸೀಕೆರೆಯ ಕೊಬ್ಬರಿ ಮಂಡಿಯ ದೇವೀರಪ್ಪನವರಿಗೆ ಸಿನಿಮಾದ ಹುಚ್ಚು ಹತ್ತಿ, ಮೊದಲ ಚಿತ್ರದ ಶೂಟಿಂಗನ್ನು ಹಳೇಬೀಡಿನ ಕೆರೆ ಏರಿಯ ಮೇಲೆ ಇಟ್ಟುಕೊಂಡಿದ್ದರು. ಗುಡಿಯ ಒಳಗೆ ಕ್ಯಾಮೆರಾ ಇಡಲು ಅಪ್ಪಣೆ ಸಿಕ್ಕಿರಲಿಲ್ಲ. ಏರಿಯ ಮೇಲೆ ಕೇಳುವವರಿಲ್ಲ. ಬೆಂಗಳೂರಿನಿಂದ ಬಂದಿದ್ದ ಹೀರೋಯಿನ್ ಕೆರೆಯ ಪಾಚಿ ನೋಡಿದವಳೇ "ನಾನು ಇದರೊಳಗೆ ಬೀಳಲ್ಲ" ಎಂದು ಕೊಡೆಯ ಕೆಳಗೆ ಕೂತುಬಿಟ್ಟಳು. ನೋಡಲು ನಿಂತಿದ್ದ ಗುಂಪಿನಲ್ಲಿ ಇಂದು ಇದ್ದಳು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ, ಈಜು ಬರುತ್ತಿತ್ತು.

"ಬರೀ ಬೆನ್ನು ಕಾಣಿಸುತ್ತೆ, ಬೀಳ್ತೀಯೇನಮ್ಮ?" ಎಂದು ನಿರ್ದೇಶಕ ಯೋಗನರಸಿಂಹ ಕೇಳಿದ.

ಹೀರೋಯಿನ್ನಿನ ಸೀರೆ ಉಟ್ಟು ಇಂದು ಬಿದ್ದಳು. ಮೇಲೆದ್ದಾಗ ಮಾತ್ರ ಬೆನ್ನು ಕೊಡಲಿಲ್ಲ. ಕ್ಯಾಮೆರಾದ ಕಡೆ ತಿರುಗಿ, ಕಣ್ಣಿಗೆ ಮೆತ್ತಿದ ಕೂದಲನ್ನೂ ಸರಿಸದೆ ನೋಡಿದಳು. ಯಾರೂ ಹೇಳಿಕೊಟ್ಟದ್ದಲ್ಲ.

"ಯಾರ್ ಮಗ್ಳಲಾ ಇವಳು? ಒಂದೇ ಏಟಿಗೆ ಮುಗಿಸ್ಬುಟ್ಲಲ್ಲ!" ಎಂದರು ದೇವೀರಪ್ಪ.

ಮುಂದಿನ ಸಿನಿಮಾಕ್ಕೆ ಅವಳೇ ಹೀರೋಯಿನ್.

ಸಣ್ಣಯ್ಯ ಬೇಲೂರಿನ ಸ್ಕೂಲೊಂದರಲ್ಲಿ ಅಟೆಂಡರ್. ಮಗಳು ಮೇಜಿನ ಹಿಂದೆ ಕೂರಬೇಕು, ಮೇಜು ಒರೆಸುವವಳಾಗಬಾರದು ಎಂದು ಓದಿಸಿದವರು. "ನಿನ್ನ ಓದ್ಸಿದ್ದು ಆಫೀಸಿಗೆ ಕಣವ್ವ, ಕೆರೆಗೆ ಬೀಳೋಕಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ತಾಯಿ ಹನುಮಮ್ಮ ಸುಮ್ಮನಾಗಲಿಲ್ಲ. ಊರಿಗೆಲ್ಲ ಹೇಳಿಕೊಂಡು ಬಂದಳು.

ಹೆಸರು ಬದಲಾಯಿಸಿದ್ದು ದೇವೀರಪ್ಪನವರೇ. "ಇಂದು ಅಂತ ಪೋಸ್ಟರ್ ಮೇಲೆ ಹಾಕಿದ್ರೆ ಜನ ಸಿನಿಮಾ ಇವತ್ತೊಂದೇ ದಿನ ಅಂದ್ಕಂಡು ನಾಳೆ ಬರಾಕಿಲ್ಲ ಕಣಮ್ಮ" ಎಂದು ನಕ್ಕು, ರಂಜನಾ ಎಂದು ಇಟ್ಟರು. ಯೋಗನರಸಿಂಹ ಅವಳ ತಂದೆಯ ಹೆಸರು, ಕೇರಿ ಕೇಳಿಕೊಂಡ. ಆಮೇಲೆ ಮನೆಯ ವಿಷಯ ಎತ್ತಲಿಲ್ಲ. ಊಟದ ಹೊತ್ತಿಗೆ ಹೀರೋಯಿನ್ನಿಗೆ ವ್ಯಾನಿನ ಹಿಂದೆ ಬೇರೆ ಚಾಪೆ, ಬೇರೆ ಎಲೆ. ಅದನ್ನು ಗೌರವ ಎಂದೇ ಇಂದು ಎರಡು ಸಿನಿಮಾ ಮುಗಿಯುವ ತನಕ ನಂಬಿದ್ದಳು. ಬೆಂಗಳೂರಿನ ಹೀರೋಯಿನ್ ಎಲ್ಲರ ಸಾಲಿನಲ್ಲೇ ಕೂತು ಉಂಡಿದ್ದಳೆಂದು ತಲೆ ಬಾಚುವ ರುದ್ರಮ್ಮ ಮಾತಿಗೆ ಮಾತು ಬಂದು ಹೇಳಿಬಿಟ್ಟಾಗ ಗೊತ್ತಾಯಿತು. ಆ ದಿನ ಅವಳು ಉಣ್ಣಲಿಲ್ಲ. ಮಾರನೆಯ ದಿನ ಅದೇ ಚಾಪೆಯ ಮೇಲೆ ಕೂತು ಉಂಡಳು. ಯಾಕೆಂದರೆ ಊಟ ಮುಗಿದ ಮೇಲೆ ಕ್ಯಾಮೆರಾ ಓಡುತ್ತಿತ್ತು. ಅದು ಓಡುವಷ್ಟು ಹೊತ್ತು, ಬೇರೆ ಎಲೆ ಹಾಕಿದವರೂ ಉಸಿರು ಬಿಗಿಹಿಡಿದು ಅವಳನ್ನೇ ನೋಡಬೇಕಿತ್ತು. ಆ ಹೊತ್ತಿಗಾಗಿ ಅವಳು ಏನನ್ನೂ ತಿನ್ನಲು, ಏನನ್ನೂ ನುಂಗಲು ತಯಾರಿದ್ದಳು.

ದೇವೀರಪ್ಪನವರ ಸಿನಿಮಾ ಎಂದರೆ ಕಾಯಿ ಸುಲಿದ ಹಾಗೆ. ಒಂದು ಮುಗಿಯುತ್ತಿದ್ದಂತೆ ಅದೇ ವ್ಯಾನು, ಅದೇ ಜನ, ಅದೇ ಸೀರೆಗಳಲ್ಲಿ ಇನ್ನೊಂದು ಶುರು. ಬೆಂಗಳೂರಿನ ದೊಡ್ಡ ಕಂಪನಿಗಳು ಬಳಸಿ ಮಿಕ್ಕ ಫಿಲಂ ತುಂಡುಗಳನ್ನು ಅಗ್ಗಕ್ಕೆ ತಂದು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕ್ಯಾಮೆರಾದ ಕಿರ್ ಎನ್ನುವ ಸದ್ದು ಅವರಿಗೆ ಆಗದು. "ಆ ಸದ್ದು ಕಿವಿಗೆ ಬಿದ್ರೆ ನನ್ ಮಂಡೀಲಿ ಇಲಿ ಕೊಬ್ರಿ ಕಡೀತಾ ಐತೆ ಅನ್ಸುತ್ತೆ, ಬೇಗ್ ಬೇಗ ಮುಗ್ಸ್ರಪ್ಪ" ಎನ್ನುತ್ತಿದ್ದರು. ಇಂಥವರಿಗೆ ಇಂದು ವರವಾಗಿ ಸಿಕ್ಕಿದ್ದಳು. ಖಳನಾಯಕ ಕೆನ್ನೆಗೆ ಹೊಡೆಯುವ ಸೀನಿನಲ್ಲಿ ಅವನ ಕೈ ನಿಜಕ್ಕೂ ಬಿತ್ತು, ಕಿವಿ ಗುಯ್‌ಗುಡುತ್ತಿದ್ದರೂ ಅವಳು ಡೈಲಾಗ್ ಮುಗಿಸಿ, "ಇನ್ನೊಂದ್ಸಲ ಬೇಡ ಅಲ್ವ ಸಾರ್?" ಎಂದು ಕೇಳಿದಳು. ಅರಸೀಕೆರೆಯ ಬೆಟ್ಟದ ಬಂಡೆಯ ಮೇಲೆ ಸುಡು ಮಧ್ಯಾಹ್ನ ಬರಿಗಾಲಲ್ಲಿ ಓಡಿಸಿದರು. ಅಂಗಾಲು ಬೊಬ್ಬೆ ಎದ್ದು ಕೂತವಳನ್ನು ನೋಡಿ ಯೋಗನರಸಿಂಹ, "ನೋವು ಮುಖದಲ್ಲಿ ಎಷ್ಟು ಚೆನ್ನಾಗಿ ಬಂತು ಗೊತ್ತಾ!" ಎಂದು ಖುಷಿಪಟ್ಟ. ಒಂದೇ ಟೇಕಿನ ರಂಜನಾ ಎಂಬುದು ಅವಳ ಬಿರುದಾಯಿತು.

ಅವಳ ಸಿನಿಮಾಗಳಲ್ಲಿ ಕೆಲವು ಡಬ್ಬಿಯಲ್ಲೇ ಉಳಿದವು, ಕೆಲವು ಬೇಲೂರಿನಲ್ಲಿ ಒಂದು ವಾರ ಓಡಿದವು. ಅಂಥ ಒಂದು ವಾರದಲ್ಲಿ ಅವಳನ್ನು ನೋಡಿ ಮರುಳಾದವನು ತಾಲ್ಲೂಕು ಕಚೇರಿಯ ಗುಮಾಸ್ತ ಭೀಮರಾಜ್. ತಮ್ಮವರೇ, ಒಳ್ಳೆ ನೌಕರಿ. ಸಣ್ಣಯ್ಯನವರಿಗೆ ಬದುಕಿಕೊಂಡೆ ಎನ್ನಿಸಿತು. ಮದುವೆಯಾದ ಹೊಸದರಲ್ಲಿ ಭೀಮರಾಜನೇ ಪೋಸ್ಟರ್ ತಂದು ಗೋಡೆಗೆ ಅಂಟಿಸಿದ. ಕಚೇರಿಯಲ್ಲಿ ಜವರಪ್ಪ ಎಂಬುವನು, "ಏನ್ಲಾ ಭೀಮ, ನೆನ್ನೆ ಥಿಯೇಟ್ರಲ್ಲಿ ಆ ವಿಲನ್ನು ನಿನ್ ಹೆಂಡ್ತಿ ಸೆರಗು ಎಳೀತಿದ್ದ, ನೀನು ಮುಂದ್ಗಡೆ ಸೀಟಲ್ಲಿ ಕೂತ್ಕಂಡು ಕಡ್ಲೆಕಾಯಿ ತಿಂತಿದ್ಯಲ್ಲೋ!" ಎಂದು ಎಲ್ಲರ ಮುಂದೆ ನಗಿಸಿದ ದಿನ ಮನೆಗೆ ಬಂದು ಆ ಪೋಸ್ಟರನ್ನು ಹರಿದ. ಅಷ್ಟರಲ್ಲಿ ಅವಳು ಬಸುರಿ.

ಮಗಳು ಧನುಶ್ರೀ ಹುಟ್ಟಿದ್ದು ತೊಂಬತ್ತೊಂಬತ್ತರಲ್ಲಿ. ನಗುವ ಕೂಸು. ಹಸಿವಾದರೂ ನಗು, ಒದ್ದೆಯಾದರೂ ನಗು. "ಇದೇನವ್ವ, ಅಳೋದೇ ಕಲೀಲಿಲ್ವಲ್ಲ" ಎಂದು ಹನುಮಮ್ಮ ದೃಷ್ಟಿ ತೆಗೆಯುತ್ತಿದ್ದಳು.

ಕೂಸು ಅಂಬೆಗಾಲಿಡುವ ಹೊತ್ತಿಗೆ ಇಂದು ತಾನೇ ಬಸ್ಸು ಹತ್ತಿ ಅರಸೀಕೆರೆಯ ಮಂಡಿಗೆ ಹೋದಳು. ದೇವೀರಪ್ಪ ಕಾಫಿ ತರಿಸಿಕೊಟ್ಟು, ಮುಖ ನೋಡದೆ ಹೇಳಿದರು.

"ಹೆತ್ತೋಳ್ನ ಹೀರೋಯಿನ್ ಮಾಡಿದ್ರೆ ಜನ ನಗಾಕಿಲ್ವೇನಮ್ಮ? ಗೋದಾ ಅಂತ ಒಂದು ಹುಡುಗಿ ಸಿಕ್ಕೈತೆ, ಬೇಲೂರಿಂದೇ, ಕಾಲೇಜು ಓದ್ತಾ ಐತೆ. ನೀನು ಅಕ್ಕನ್ ಪಾಲ್ಟು ಮಾಡು."

"ಕತೆ ಏನು ಸಾರ್?"

"ಮದ್ವೆ ಆಗ್ದೆ ತಾಯಿ ಆಗ್ತಾಳೆ. ಕೂಸ್ನ ಕೆರೆ ಏರಿ ಮೇಲೆ ಮಲಗ್ಸಿ, ತಿರುಗಿ ನೋಡ್ದೆ ಹೋಗ್ತಾಳೆ. ಕೂಸೇ ಸಿಕ್ತಿಲ್ಲ. ಹಗರೇಲಿ ಮನೆಮನೆಗೂ ಹೋಗಿ ಕೇಳ್ದೆ, ದೃಷ್ಟಿ ಆಯ್ತದೆ ಅಂತ ಪೊರಕೆ ತಗಂಡ್ರು."

ಇಂದು ಲೋಟ ಕೆಳಗಿಟ್ಟಳು. "ನನ್ ಕೂಸು ಐತಲ್ಲ ಸಾರ್. ಕೂಸು ಕೊಡ್ತೀನಿ, ಹೀರೋಯಿನ್ ನಾನೇ."

ದೇವೀರಪ್ಪ ಈಗ ಮುಖ ನೋಡಿದರು. "ಆಗ್ಲಿ. ಮೊದ್ಲು ಆ ಸೀನೇ ತೆಗೆಯಾನ. ಒಂದೇ ಟೇಕಲ್ಲಿ ಬಂದ್ರೆ ಪಾಲ್ಟು ನಿಂದು. ಬರ್ಲಿಲ್ವಾ, ಗೋದಾನ ಅಂಥದ್ದೇ ಸೀರೆ ಉಡ್ಸಿ ವ್ಯಾನಲ್ಲಿ ಕೂರ್ಸಿರ್ತೀನಿ."

ಕೂಸು ಅಳಬೇಕಾದ್ದರಿಂದ ಬೆಳಗಿನಿಂದ ಹಾಲು ಕೊಡಬೇಡ ಎಂದು ಯೋಗನರಸಿಂಹ ಹೇಳಿಕಳಿಸಿದ್ದ. ಇಂದು ಕೊಡಲಿಲ್ಲ. ಏರಿಯ ಮೇಲೆ ಬಿಸಿಲು ಏರುವ ಹೊತ್ತಿಗೆ ಅವಳ ಎದೆ ಕಲ್ಲಾಗಿ ರವಿಕೆ ನೆನೆಯತೊಡಗಿತು. ರುದ್ರಮ್ಮ ಬಟ್ಟೆ ಮಡಿಸಿ ಒಳಗಿಟ್ಟು, "ಒಂದ್ ಗುಟುಕು ಕೊಡವ್ವ, ಪಾಪ" ಎಂದಳು. "ಆಮೇಲೆ" ಎಂದಳು ಇಂದು.

ಹಸಿದ ಕೂಸು ಅಳಲಿಲ್ಲ. ಬೆರಳು ಚೀಪುತ್ತಾ ನಿದ್ದೆ ಹೋಯಿತು. ಎಬ್ಬಿಸಿ ಕಲ್ಲಿನ ಮೇಲೆ ಮಲಗಿಸಿದರೆ, ಬಣ್ಣ ಹಚ್ಚಿದ ತಾಯಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಗುರುತು ಹಿಡಿದು, ಎರಡೂ ಕಾಲು ಬಡಿದು ನಕ್ಕಿತು. ಸುತ್ತ ನಿಂತವರೂ ನಕ್ಕರು. ದೇವೀರಪ್ಪ ನಗಲಿಲ್ಲ.

"ಸದ್ದು ಬೇಕಾದ್ರೆ ಆಮೇಲೆ ಸ್ಟುಡಿಯೋದಲ್ಲಿ ಹಾಕ್ಕೋಬಹುದು. ನನಗೆ ಮುಖ ಬೇಕು, ಅಳೋ ಮುಖ" ಎಂದ ಯೋಗನರಸಿಂಹ. "ರುದ್ರಮ್ಮ, ಸ್ವಲ್ಪ ಚಿವುಟಿ ನೋಡಿ."

"ನನ್ ಕೈಲಾಗಾಕಿಲ್ಲ ಸ್ವಾಮಿ. ನಾನೂ ಹೆತ್ತಿವ್ನಿ" ಎಂದು ರುದ್ರಮ್ಮ ಬಾಚಣಿಗೆ ಎತ್ತಿಕೊಂಡು ಅತ್ತ ಹೋದಳು.

ವ್ಯಾನಿನ ಬಾಗಿಲು ತೆರೆದೇ ಇತ್ತು. ಒಳಗೆ ಗೋದಾ ಅಂಥದೇ ಸೀರೆ ಉಟ್ಟು, ಹಣೆಯ ಬೆವರು ಒತ್ತಿಕೊಳ್ಳುತ್ತಾ ಕೂತಿದ್ದಳು. ದೇವೀರಪ್ಪ ಅತ್ತ ತಿರುಗಿ "ಬಾರಮ್ಮ" ಎನ್ನಲು ಬಾಯಿ ತೆರೆದರು.

"ಕ್ಯಾಮೆರಾ ಓಡ್ಸಿ ಸಾರ್" ಎಂದಳು ಇಂದು. "ನಾನೇ ಅಳುಸ್ತೀನಿ."

ಓಡಿತು. ಅವಳು ಕೂಸನ್ನು ಎತ್ತಿ ಮತ್ತೆ ಕಲ್ಲಿನ ಮೇಲೆ ಮಲಗಿಸಿ, ಹೊದಿಸಿದ್ದ ಶಾಲು ಸರಿಪಡಿಸುವವಳಂತೆ ಬಗ್ಗಿ, ಕೊಟ್ಟಿದ್ದ ಡೈಲಾಗನ್ನು ಹೇಳಿದಳು: "ನನ್ನ ಕ್ಷಮಿಸು ಕಂದಾ, ನಿನ್ನ ತಾಯಿ ಪಾಪಿ." ಹೇಳುತ್ತಾ ಶಾಲಿನ ಒಳಗೆ ಅದರ ತೊಡೆಯ ಮೆತ್ತನೆ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದಳು. ಕೂಸು ತಕ್ಷಣ ಅಳಲಿಲ್ಲ. ನಗು ಮುಖದ ಮೇಲೆ ಹಾಗೇ ಇತ್ತು. ಕಣ್ಣು ಮಾತ್ರ ಅವಳನ್ನು ಏನೆಂದು ಕೇಳಿತು. ಅವಳು ಇನ್ನೊಂದು ಸಲ ತಿರುಚಿದಳು. ಆಗ ತುಟಿ ನಡುಗಿ, ಸೊಟ್ಟಗಾಗಿ, ಉಸಿರು ಕಟ್ಟಿ, ನೀಲಿಯಾಗಿ, ಕೂಸು ಕಿರುಚಿತು. ಅವಳು ಎದ್ದಳು; ಕತೆಯಲ್ಲಿ ಹೇಳಿದ್ದಂತೆ ತಿರುಗಿ ನೋಡದೆ ಏರಿಯ ಉದ್ದಕ್ಕೂ ನಡೆದಳು. ರವಿಕೆಯ ಒಳಗಿನ ಬಟ್ಟೆ ತೊಯ್ದು ಹೊಟ್ಟೆಗೆ ಇಳಿಯುತ್ತಿತ್ತು. ಕಟ್ ಎನ್ನುವ ಮಾತು ಬರಲಿಲ್ಲ. ಅಳು ಅಷ್ಟು ಚೆನ್ನಾಗಿ ಬರುತ್ತಿತ್ತು.

ಕೊನೆಗೆ ಚಪ್ಪಾಳೆ ಬಿತ್ತು. "ಪಾಲ್ಟು ನಿಂದೇ ಕಣಮ್ಮ!" ಎಂದು ದೇವೀರಪ್ಪ ಕೂಗಿದರು. ಅವಳ ಮೈ ಜುಮ್ಮೆಂದಿತು. ಸುಳ್ಳು ಹೇಳಬಾರದು, ಸಂತೋಷದಿಂದಲೇ.

ಆ ಸೀನು ಅಷ್ಟಕ್ಕೇ ನಿಲ್ಲಲಿಲ್ಲ. ರುಚಿ ಕಂಡ ಯೋಗನರಸಿಂಹ ಕತೆಯ ತುಂಬ ಕೂಸನ್ನೇ ತುಂಬಿದ. ಜ್ವರ ಬಂದ ಕೂಸು, ಕಳುವಾದ ಕೂಸು, ತಾಯಿಯನ್ನು ಹುಡುಕುವ ಕೂಸು. ಪ್ರತಿ ದಿನವೂ ಅಳಬೇಕು, ಪ್ರತಿ ದಿನವೂ ಅಳಿಸುವ ಕೈ ಒಂದೇ. ಸ್ನಾನ ಮಾಡಿಸುವಾಗ ಹನುಮಮ್ಮ ತೊಡೆಯ ಹಸಿರು ಕಲೆಗಳನ್ನು ನೋಡಿ, "ಇದೇನೇ ಇದು?" ಎಂದಳು. "ಸೊಳ್ಳೆ" ಎಂದಳು ಇಂದು. ಹನುಮಮ್ಮ ಮಗಳ ಮುಖವನ್ನೇ ನೋಡಿದಳು. "ಸೊಳ್ಳೆಗೆ ಉಗುರು ಯಾವಾಗ ಬಂತೇ?" ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು. ಶೂಟಿಂಗ್ ಮುಗಿಯುವ ಹೊತ್ತಿಗೆ ಹಾಲು ಕುಡಿಯುವಾಗಲೂ ಕೂಸಿನ ಒಂದು ಕಣ್ಣು ತಾಯಿಯ ಕೈಯ ಮೇಲೇ ಇರುತ್ತಿತ್ತು.

ತೆಗೆದ ರೀಲುಗಳನ್ನು ನೋಡಿದ ಬೆಂಗಳೂರಿನ ಹಂಚಿಕೆದಾರರು ದೇವೀರಪ್ಪನವರಿಗೆ ಎರಡು ಮಾತು ಹೇಳಿದರಂತೆ. ದೇವೀರಪ್ಪ ಆ ಎರಡನ್ನೂ ಬೇಲೂರಿನ ಮನೆಗೆ ಬಂದು, ಬಾಳೆಹಣ್ಣಿನ ಚಿಪ್ಪು ಕೆಳಗಿಟ್ಟು, ಇದ್ದಂತೆ ಒಪ್ಪಿಸಿದರು.

"ಕೂಸು ಬಂಗಾರ ಅಂದ್ರು. ಹೀರೋಯಿನ್ ಮುಖ ಸವೆದೋಗೈತೆ ಅಂದ್ರು. ಮುಂದಿನ್ ಸಿನಿಮಾ ಸೋಮವಾರದಿಂದ. ಕೂಸು ಬೇಕು. ತಾಯಿ ಗೋದಾ."

ಇಂದು ನಿಂತೇ ಇದ್ದಳು. "ಮತ್ತೆ ನಾನು?"

"ನೀನ್ ಬರ್ದೆ ಆಯ್ತದಾ? ಅದ್ನ ಅಳ್ಸೋರ್ ಯಾರು?"

ಭೀಮರಾಜ್ ಪೇಪರಿನಿಂದ ತಲೆ ಎತ್ತಿ, "ಒಳ್ಳೇದೇ ಆಯ್ತಲ್ಲ. ಮಗು ತಾನೆ, ಯಾರೇನಂತಾರೆ? ನೀನಾದ್ರೂ ತೆರೆ ಮೇಲಿಂದ ಇಳಿದ್ಯಲ್ಲ" ಎಂದ. ದೇವೀರಪ್ಪ ಅವಳ ಮುಖ ನೋಡಿ ದನಿ ತಗ್ಗಿಸಿದರು. "ಇದೊಂದು ಮಾಡ್ಕೊಡು ಕಣಮ್ಮ. ಅದರ್ ಮುಂದಿಂದು ನಿಂದೇ. ಬೇರೆಯೋರ್ ಇಲ್ಲ."

ಅದನ್ನು ನಂಬಬಾರದೆಂದು ಅವಳಿಗೆ ಗೊತ್ತಿತ್ತು. ಹೋದಳು.

ಸೋಮವಾರ ಮತ್ತೆ ಅದೇ ಏರಿ. ಗೋದಾ ಕೂಸನ್ನು ಎತ್ತಿಕೊಂಡು, "ಅಕ್ಕ, ಎಷ್ಟು ಮುದ್ದಾಗಿದೆ, ನನ್ ಹತ್ರ ಹೇಗೆ ಬರ್ತಿದೆ ನೋಡಿ!" ಎಂದಳು. ಅವಳ ಬಳೆಗಳನ್ನು ಎಳೆಯುತ್ತಾ ಕೂಸು ನಗುತ್ತಿತ್ತು. ಕ್ಯಾಮೆರಾ ಓಡಿತು. "ಅಳ್ಸಮ್ಮ" ಎಂದರು ದೇವೀರಪ್ಪ. ಇಂದು ಕ್ಯಾಮೆರಾದ ಪಕ್ಕದಿಂದ, ಚಿತ್ರದಲ್ಲಿ ಕಾಣಿಸಿಕೊಳ್ಳದಂತೆ ಬಗ್ಗಿಕೊಂಡು ಹತ್ತಿರ ಹೋದಳು. ಕೂಸಿಗೆ ಅವಳು ಕಂಡಳು. ಅವಳಿನ್ನೂ ಮುಟ್ಟಿರಲಿಲ್ಲ, ಕೈಯನ್ನೂ ಚಾಚಿರಲಿಲ್ಲ. ಅದರ ಮುಖ ಸೊಟ್ಟಗಾಯಿತು. ಗೋದಾಳ ಕುತ್ತಿಗೆಗೆ ಮುಖ ಒತ್ತಿ, ಎರಡೂ ಕೈಯಲ್ಲಿ ಅವಳ ಸರವನ್ನು ಹಿಡಿದುಕೊಂಡು ಕಿರುಚತೊಡಗಿತು.

"ಆಹಾ! ಮುಟ್ಟೋದೇ ಬೇಡ!" ಎಂದು ದೇವೀರಪ್ಪ ತೊಡೆ ತಟ್ಟಿಕೊಂಡರು. "ಬರೀ ಬಂದು ನಿಂತ್ಕಂಡ್ರೆ ಸಾಕು. ಫಿಲಂ ಎಷ್ಟು ಉಳೀತು ನೋಡಯ್ಯ!"

ಗೋದಾ ಕೂಸಿನ ಬೆನ್ನು ಸವರುತ್ತಾ ನಿಜವಾಗಿಯೂ ಅಳುತ್ತಿದ್ದಳು. ಯೋಗನರಸಿಂಹ ಅದನ್ನೂ ತೆಗೆದುಕೊಂಡ.

ಅಂದಿನ ಕೆಲಸ ಮುಗಿದ ಮೇಲೆ ಇಂದು ಹಗರೆಯ ಮೇಲೆ ಹೋಗುವ ಬಸ್ಸು ಹತ್ತಿದಳು. ರುದ್ರಮ್ಮ ಕೂಸನ್ನು ಕಿಟಕಿಯಿಂದ ಒಳಕ್ಕೆ ಕೊಟ್ಟದ್ದು ಇಂದುವಿನ ಕೈಗಲ್ಲ, ಪಕ್ಕದ ಸೀಟಿನ ಮುದುಕಿಯ ಮಡಿಲಿಗೆ. ಅಲ್ಲಿ ಅದು ಸುಮ್ಮನಿತ್ತು.

"ಯಾರ್ ಕೂಸವ್ವ?" ಎಂದು ಮುದುಕಿ ಕೇಳಿದಳು.

"ನಂದೇ."

"ನಿಂದಾದ್ರೆ ನಿನ್ ತಾವ ಯಾಕ್ ಬರಾಕಿಲ್ಲ?"

ಹಗರೆ ಬಂತು. ಮುದುಕಿ ಇಳಿಯುವವಳು, "ತಗಳವ್ವ" ಎಂದು ಕೂಸನ್ನು ನೀಡಿದಳು. ಕೂಸು ಮುದುಕಿಯ ಸೆರಗನ್ನು ಬಿಡದೆ ಚೀರಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು. "ಬೇಗ ಇಳಿಯಮ್ಮ" ಎಂದು ಕಂಡಕ್ಟರ್ ಗದರಿದ. ಇಂದು ತನ್ನ ಎರಡೂ ಅಂಗೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಬರೀ ತೋಳುಗಳಿಂದ ಕೂಸನ್ನು ಎದೆಗೆ ಅವುಚಿಕೊಂಡಳು. ಬೇಲೂರು ಬರುವ ತನಕ ಅದು ಅತ್ತಿತು. ಅವಳು ಬೆರಳು ಹೊರಗೆ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ವ್ಯಾನು ಮನೆಯ ಮುಂದೆ ನಿಂತು ಹಾರ್ನ್ ಹಾಕಿದಾಗ ಅವಳು ಬಾಗಿಲು ತೆರೆಯಲಿಲ್ಲ. ಭೀಮರಾಜ್ ತೆರೆದ. ಕೂಸನ್ನು ಅವನೇ ಎತ್ತಿಕೊಂಡು ಹೋದ. ಅಳಿಸುವವರು ಇಲ್ಲವೆಂದು ಮಧ್ಯಾಹ್ನ ವ್ಯಾನು ಮತ್ತೆ ಬಂತು, ಈ ಸಲ ಅವಳಿಗಾಗಿ.