ಚಳಿಗೆ ಸಿದ್ಧರಾಗಿ ಬಿಸಿಲಿಗೆ ಇಳಿದದ್ದು

ಆಶ್ವಯುಜ ಮಾಸದ ಆರಂಭದ ಒಂದು ಗುರುವಾರ, ಬೆಳಕು ಹರಿಯುವ ಮುನ್ನ, ಹಲಸೂರಿನ ನಮ್ಮ ಬೀದಿಯ ಹದಿನಾಲ್ಕು ಜನ ತಿರುಮಲೆಗೆ ಪಾದಯಾತ್ರೆ ಹೊರಟೆವು. ಕೋಲಾರ, ಮುಳಬಾಗಿಲು, ಪಲಮನೇರು, ಚಿತ್ತೂರು ಮಾರ್ಗವಾಗಿ ಸುಮಾರು ಇನ್ನೂರೈವತ್ತು ಕಿಲೋಮೀಟರ್ ದೂರವನ್ನು ಕ್ರಮಿಸಿ, ಮುಂದಿನ ವಾರದ ಶನಿವಾರ ಬೆಟ್ಟದ ಮೇಲಿರಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ತಮಿಳರ ಪುರಟಾಸಿ ತಿಂಗಳ ಶನಿವಾರದಂದು ದರ್ಶನ ಪಡೆಯುವುದು ನಮ್ಮ ಬೀದಿಯಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. ಮುಂದಿನ ವರ್ಷ ಹೊರಡುವವರಿಗೆ ಹವಾಮಾನದ ವಿಷಯದಲ್ಲಿ ಉಪಯೋಗವಾಗಲೆಂದು ಈ ವಿವರಗಳನ್ನು ಬರೆದುಕೊಡುವಂತೆ ನಮ್ಮ ಭಜನಾ ಮಂಡಳಿಯವರು ನನ್ನನ್ನು ಕೋರಿರುತ್ತಾರೆ. ಶಾಲೆಯೊಂದರ ಕಚೇರಿಯಲ್ಲಿ ಅರ್ಜಿ, ಪತ್ರಗಳನ್ನು ಟೈಪು ಮಾಡುವುದರ ಹೊರತು ನನಗೆ ಬರವಣಿಗೆಯ ಅನುಭವವಿರುವುದಿಲ್ಲ. ಲೋಪಗಳಿದ್ದಲ್ಲಿ ಓದುಗರು ದಯವಿಟ್ಟು ಮನ್ನಿಸಬೇಕು.

ಗುಂಪಿನಲ್ಲಿ ನಾನೂ ನನ್ನ ಯಜಮಾನರೂ ಹೊಸಬರು. ಯಜಮಾನರು ಆಟೋ ಓಡಿಸುತ್ತಾರೆ. ನನಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ, ಗಡ್ಡೆಯ ಪರೀಕ್ಷೆಯ ಫಲಿತಾಂಶಕ್ಕಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ವೇಳೆ ಅವರು ಒಂದು ಹರಕೆ ಹೊತ್ತಿದ್ದರು. ನಾನು ಉಳಿದರೆ, ಚಪ್ಪಲಿ ಇಲ್ಲದೆ, ದಾರಿಯಲ್ಲಿ ಯಾವುದೇ ವಾಹನ ಹತ್ತದೆ ತಿರುಮಲೆಗೆ ನಡೆದು ಹೋಗಿ ಮುಡಿ ಕೊಡುವುದಾಗಿ. ಫಲಿತಾಂಶ ಒಳ್ಳೆಯದಾಗಿ ಬಂತು. ಆದರೆ ಹರಕೆಯ ವಿಷಯವನ್ನು ಅವರು ನನಗೆ ತಿಳಿಸಿದ್ದು ನಾನು ಎದ್ದು ಓಡಾಡುವಂತಾದ ಮೇಲೆಯೇ. ಅದನ್ನು ಕೇಳಿದ ದಿನವೇ ನಾನೂ ಜೊತೆಗೆ ಬರುವುದಾಗಿ ಹೇಳಿದೆನು. ನನಗೆ ಹರಕೆ ಇರಲಿಲ್ಲವಾದ್ದರಿಂದ ಕ್ಯಾನ್‌ವಾಸ್ ಬೂಟು ಹಾಕಿಕೊಳ್ಳಲು ಅಡ್ಡಿಯಿರಲಿಲ್ಲ.

ಸಿದ್ಧತೆ ಶ್ರಾವಣದಲ್ಲೇ ಆರಂಭವಾಯಿತು. ಗುಂಪಿನ ಹಿರಿಯರಾದ ಏಳುಮಲೈ ಅವರು ದೇವಸ್ಥಾನದ ಜಗಲಿಯಲ್ಲಿ ಎಲ್ಲರನ್ನೂ ಕೂಡಿಸಿ, ಹಿಂದಿನ ವರ್ಷ ಮಳೆಯಲ್ಲಿ ನೆನೆದು ಇಬ್ಬರು ಜ್ವರದಿಂದ ಕೋಲಾರದಿಂದಲೇ ಹಿಂತಿರುಗಿದ್ದನ್ನು ನೆನಪಿಸಿದರು. ಆದಕಾರಣ ಈ ಬಾರಿಯ ಎಲ್ಲ ಚರ್ಚೆಯೂ ಮಳೆ ಮತ್ತು ಚಳಿಯ ಸುತ್ತಲೇ ನಡೆಯಿತು. ಪ್ರತಿಯೊಬ್ಬರಿಗೂ ರೇನ್‌ಕೋಟು, ಸ್ವೆಟರು, ಕಿವಿ ಮುಚ್ಚುವ ಟೋಪಿ, ನೆಲಕ್ಕೆ ಹಾಸಲು ದಪ್ಪ ಪ್ಲಾಸ್ಟಿಕ್ ಹಾಳೆ, ಅಮೃತಾಂಜನ. ಇಷ್ಟನ್ನೂ ಶಿವಾಜಿನಗರಕ್ಕೆ ಎರಡು ಸಲ ಹೋಗಿ ಖರೀದಿಸಲಾಯಿತು. ಸಾಮಾನು ಸಾಗಿಸಲು ಒಂದು ಟೆಂಪೋ ಗೊತ್ತುಪಡಿಸಲಾಯಿತು. ಬರಿಗಾಲಿನ ಅಭ್ಯಾಸಕ್ಕಾಗಿ ಯಜಮಾನರು ದಿನವೂ ಹಲಸೂರು ಕೆರೆಯ ಸುತ್ತಲಿನ ರಸ್ತೆಯಲ್ಲಿ ನಡೆದರು. ಏಳು ಗಂಟೆಗೆ ಶಾಲಾ ಮಕ್ಕಳ ಬಾಡಿಗೆ ಇದ್ದುದರಿಂದ ಸದರಿ ಅಭ್ಯಾಸವೆಲ್ಲವೂ ಸೂರ್ಯೋದಯಕ್ಕೆ ಮುಂಚೆಯೇ ಮುಗಿಯುತ್ತಿತ್ತು. ತಣ್ಣನೆಯ ರಸ್ತೆಯಲ್ಲಿ ನಾಲ್ಕು ಸುತ್ತು ಹಾಕಿ ಬಂದು, ಅಂಗಾಲನ್ನು ನನಗೆ ತೋರಿಸಿ, ಗಟ್ಟಿಯಾಗಿದೆ ಎಂದು ಸಂತೋಷಪಡುತ್ತಿದ್ದರು. ನಾವಿಬ್ಬರೂ ಅದನ್ನೇ ನಂಬಿದ್ದೆವು.

ಹೊರಟ ದಿನ ಇಂದಿರಾನಗರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ತಲುಪುವ ವೇಳೆಗೆ ಚೆನ್ನಾಗಿ ಬೆಳಕಾಗಿತ್ತು. ಅಲ್ಲಿಯ ಆಟೋ ನಿಲ್ದಾಣದಲ್ಲಿ ಯಜಮಾನರ ಸ್ನೇಹಿತರು ಅನೇಕರಿದ್ದರು. ಅವರಲ್ಲಿ ಬಾಷಾ ಎಂಬುವವರು ಹಳದಿ ಪಂಚೆ, ಬರಿಗಾಲನ್ನು ನೋಡಿ ಆಟೋದೊಳಗಿನಿಂದಲೇ ಕೇಳಿದರು.

“ಏನ್ ಗುರು, ಕಾಲಿಗೆ ಮೀಟರ್ ಹಾಕಿದ್ಯಾ?”

“ಹಾಕಿದೀನಿ ಮಗಾ. ಒನ್ ಅಂಡ್ ಹಾಫ್.”

“ತಿರುಪತಿವರೆಗೂ ಒನ್ ಅಂಡ್ ಹಾಫಾ? ದೇವರೇ ಇಳ್ಕೊಂಡು ಬೇರೆ ಆಟೋ ಹಿಡೀತಾನೆ, ನೋಡ್ತಿರು.”

ಎಲ್ಲರೂ ನಕ್ಕರು. ಬಾಷಾ ಅವರು ಇಳಿದು ಬಂದು ಯಜಮಾನರ ಕೈಗೆ ಎರಡು ಮೂಸಂಬಿ ಕೊಟ್ಟು, ನಿನ್ನ ಶಾಲಾ ಬಾಡಿಗೆ ನಾನು ನೋಡಿಕೊಳ್ಳುತ್ತೇನೆ, ನಿಧಾನವಾಗಿ ಬಾ ಎಂದು ಹೇಳಿ ಕಳುಹಿಸಿದರು.

ಹೊಸಕೋಟೆ ತಲುಪುವ ಮುನ್ನವೇ ಮಳೆ ಹಿಡಿಯಿತು. ಅಲ್ಲಿಂದ ಮುಳಬಾಗಿಲಿನವರೆಗೂ ಪ್ರತಿ ಮಧ್ಯಾಹ್ನ ಮೋಡ ಕವಿದು, ಸಂಜೆಗೆ ಸುರಿಯುತ್ತಿತ್ತು. ನರಸಾಪುರದ ಬಳಿ ಬೆಳಗಿನ ಮಂಜಿನಲ್ಲಿ ಮುಂದೆ ನಡೆಯುವವರ ಬೆನ್ನು ಸಹ ಕಾಣಿಸಲಿಲ್ಲ. ಛತ್ರಗಳಲ್ಲಿ, ದೇವಸ್ಥಾನದ ಪ್ರಾಕಾರಗಳಲ್ಲಿ ಮಲಗುತ್ತಾ, ದಾರಿಯ ಹಳ್ಳಿಗಳವರು ಕೊಡುತ್ತಿದ್ದ ಚಿತ್ರಾನ್ನ, ಮಜ್ಜಿಗೆ ಸೇವಿಸುತ್ತಾ ಸಾಗಿದೆವು. ನಮ್ಮ ಸ್ವೆಟರು, ರೇನ್‌ಕೋಟುಗಳು ಬಹಳ ಉಪಯೋಗಕ್ಕೆ ಬಂದವು. ಯಾರಿಗೂ ಒಂದು ಸೀನು ಸಹ ಬರಲಿಲ್ಲವೆಂದು ಏಳುಮಲೈ ಅವರು ಎಲ್ಲರ ಮುಂದೆ ಹೆಮ್ಮೆಪಟ್ಟರು. ಆ ಹೆಮ್ಮೆಯಲ್ಲಿ ನಾವು ಗಮನಿಸದೆ ಹೋದದ್ದು ಯಜಮಾನರ ಅಂಗಾಲುಗಳನ್ನು. ಐದಾರು ದಿನ ನೀರಿನಲ್ಲಿ ನೆನೆದು ಅವು ಬಿಳುಚಿಕೊಂಡು, ಬಾವಿಯಲ್ಲಿ ಬಿದ್ದ ಹಣ್ಣಿನ ಸಿಪ್ಪೆಯಂತೆ ಮೆತ್ತಗಾಗಿದ್ದವು. ನೋವಿಲ್ಲವೆಂದು ಅವರು ಹೇಳಿದ್ದರಿಂದ ಕೊಬ್ಬರಿ ಎಣ್ಣೆ ಸವರಿ ಸುಮ್ಮನಾದೆವು.

ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿ ಬರುತ್ತದೆ. ಘಾಟಿ ಇಳಿದ ಕೂಡಲೇ ಊರೇ ಬದಲಾದಂತೆ ಹವಾಮಾನ ಬದಲಾಯಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ತೊಳೆದಿಟ್ಟಂಥ ಬಿಸಿಲು. ಹತ್ತು ಗಂಟೆಯ ಹೊತ್ತಿಗೇ ಡಾಂಬರು ಕಾದ ಹೆಂಚಿನಂತಾಗಿತ್ತು. ಬೆಂಗಳೂರಿನವರಾದ ನಮಗೆ ಈ ಕಾಲದಲ್ಲಿ ಮಳೆ ನಿಂತರೆ ಚಳಿ ಎಂಬುದಷ್ಟೇ ಗೊತ್ತಿತ್ತು. ನಮ್ಮ ಊರು ಎತ್ತರದಲ್ಲಿದೆ, ನಾವು ಕೆಳಗಿನ ಸೀಮೆಗೆ ಇಳಿಯುತ್ತಿದ್ದೇವೆ ಎಂಬ ಯೋಚನೆ ಅಷ್ಟೂ ಸಭೆಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಏಳುಮಲೈ ಅವರು ಪ್ರತಿ ವರ್ಷವೂ ಬೂಟು ಹಾಕಿಯೇ ನಡೆದವರಾದ್ದರಿಂದ ಅವರಿಗೂ ಇದು ಹೊಳೆದಿರಲಿಲ್ಲ.

ಯಜಮಾನರು ಮೊದಲು ರಸ್ತೆಯ ಬಿಳಿ ಪಟ್ಟಿಯ ಮೇಲೆ ನಡೆದರು. ಆಮೇಲೆ ಪಕ್ಕದ ಮಣ್ಣಿಗೆ ಇಳಿದರು. ಅಲ್ಲಿ ಜಲ್ಲಿ, ಮುಳ್ಳು. ಒದ್ದೆ ಟವೆಲ್ಲು ಹರಿದು ಸುತ್ತಿಕೊಂಡರು. ಅದು ಬಿಸಿಯಾಗಿ ಚರ್ಮಕ್ಕೆ ಅಂಟಿಕೊಂಡಿತು. ನಾನು ಕೇಳಿದ್ದಕ್ಕೆ ತಲೆಯಾಡಿಸುತ್ತಾ ಅವರು ಬಂಗಾರುಪಾಳ್ಯದವರೆಗೂ ನಡೆದರು. ಅಲ್ಲಿ ಬಟ್ಟೆ ಬಿಚ್ಚಿದಾಗ ಎಡಗಾಲಿನ ಹಿಮ್ಮಡಿಯ ಚರ್ಮ ಬಟ್ಟೆಯೊಂದಿಗೇ ಬಂದಿತು.

ಊರಿನ ಒಂದು ಸಣ್ಣ ಕ್ಲಿನಿಕ್ಕಿನ ವೈದ್ಯರು ಗಾಯ ತೊಳೆದು ಕಟ್ಟು ಹಾಕಿದರು. ಯಜಮಾನರಿಗೆ ಸಕ್ಕರೆ ಕಾಯಿಲೆ ಇರುವುದನ್ನು ನಾನು ತಿಳಿಸಿದೆನು. ವೈದ್ಯರು ಲೇಖನಿಯನ್ನು ಕೆಳಗಿಟ್ಟು, ಈ ಕಾಲನ್ನು ನೆಲಕ್ಕೆ ಊರಿದರೆ ಮುಂದೆ ಬೆರಳೋ ಪಾದವೋ ಹೋಗಬಹುದು, ಇನ್ನು ಒಂದು ಮೈಲಿಯೂ ನಡೆಯಕೂಡದು ಎಂದು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ನಮ್ಮಿಬ್ಬರಿಗೂ ಅರ್ಥವಾಯಿತು.

ಹೊರಗೆ ಹುಣಸೇಮರದ ಕೆಳಗೆ ಸಾಮಾನಿನ ಟೆಂಪೋ ನಿಂತಿತ್ತು. ಯಜಮಾನರು ಅದರ ಕಡೆ ನೋಡದೆ ಕಲ್ಲಿನ ಮೇಲೆ ಕುಳಿತು, ರಾತ್ರಿ ತಂಪಿನಲ್ಲಿ ನಡೆಯುತ್ತೇನೆ, ಹಿಂದೆ ಬೀಳುವುದಿಲ್ಲ ಎಂದರು. ಏಳುಮಲೈ ಅವರು ನನ್ನ ಮುಖ ನೋಡಿದರು. ಹೇಳಬೇಕಾದವಳು ನಾನೇ ಎಂದು ನನಗೆ ತಿಳಿಯಿತು.

“ಟೆಂಪೋ ಹತ್ತ್ರಿ,” ಎಂದೆನು.

“ನಿನಗೋಸ್ಕರ ಹೊತ್ತಿರೋ ಹರಕೆ ಕಣೇ. ನೀನೇ ಬಿಡು ಅಂತೀಯಾ?”

“ನನಗೋಸ್ಕರ ತಾನೆ? ಹಂಗಾದ್ರೆ ನನ್ ಮಾತು ಕೇಳಿ. ನಾನು ಉಳಿದು, ನಿಮ್ ಕಾಲು ಹೋದ್ರೆ, ಆ ಲೆಕ್ಕ ಯಾರು ಸರಿ ಮಾಡ್ತಾರೆ?”

“ಮಾತು ಕೊಟ್ಬಿಟ್ಟಿದೀನಿ,” ಎಂದರು. ನಾನು ಹೋಗಿ ಟೆಂಪೋದ ಹಿಂಬಾಗಿಲು ತೆರೆದೆನು. ಕೊನೆಗೆ ಅವರು ಏಳುಮಲೈ ಅವರ ಹೆಗಲು ಹಿಡಿದು ಎದ್ದು, ಟೆಂಪೋದ ಹಿಂಭಾಗದಲ್ಲಿ ನಮ್ಮ ರೇನ್‌ಕೋಟುಗಳ ಗಂಟಿನ ಮೇಲೆ ಕುಳಿತರು. ದಿನವೆಲ್ಲ ಬಂಡಿಯ ಮೇಲೆಯೇ ಬದುಕುವ ಮನುಷ್ಯ ಆ ಗಾಡಿ ಹತ್ತುವಾಗ ಕಂಬಿ ಎಲ್ಲಿದೆಯೆಂದು ತಡಕಾಡಿದರು. ಗಾಡಿ ಹೊರಟ ಮೇಲೆ ಹಿಂದಿರುಗಿ ನೋಡಲಿಲ್ಲ.

ನಾನೂ ಹತ್ತಬಹುದಿತ್ತು. ಆದರೆ ನಮ್ಮ ಮನೆಯಿಂದ ಒಬ್ಬರಾದರೂ ನಡೆದಂತಾಗಲೆಂದು ನಡೆದೆನು. ಚಿತ್ತೂರು ದಾಟಿ, ಭತ್ತದ ಗದ್ದೆಗಳ ನಡುವೆ, ಮಧ್ಯಾಹ್ನಗಳನ್ನು ಮರಗಳ ಕೆಳಗೆ ಕಳೆದು, ಬೆಳಗು ಸಂಜೆ ನಡೆಯುತ್ತಾ ಶುಕ್ರವಾರ ಸಂಜೆಗೆ ತಿರುಪತಿ ತಲುಪಿದೆವು. ಪ್ರತಿ ನಿಲುಗಡೆಯಲ್ಲೂ ಯಜಮಾನರು ನಮಗಿಂತ ಮುಂಚೆ ಬಂದು, ಹಾಳೆ ಹಾಸಿ, ನೀರು ತುಂಬಿಸಿಟ್ಟು ಕಾಯುತ್ತಿದ್ದರು. ನನ್ನ ಬೂಟು ಬಿಚ್ಚಿ ಕಾಲು ಒತ್ತುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಕಷ್ಟವಾಯಿತಾ ಎಂದು ಮಾತ್ರ ಕೇಳುತ್ತಿದ್ದರು.

ಶನಿವಾರ ನಾವು ಮೆಟ್ಟಿಲು ಹತ್ತಿದೆವು. ಅವರು ಬಸ್ಸಿನಲ್ಲಿ ಬಂದರು. ಕಲ್ಯಾಣಕಟ್ಟೆಯಲ್ಲಿ ನಮ್ಮ ಗುಂಪಿನ ಗಂಡಸರೆಲ್ಲರೂ ಸಾಲಾಗಿ ಕುಳಿತು ಮುಡಿ ಕೊಟ್ಟರು. ಯಜಮಾನರು ಕಂಬಕ್ಕೆ ಒರಗಿ ನಿಂತಿದ್ದರು. ಏಳುಮಲೈ ಅವರು ಬೋಳಾದ ತಲೆಗೆ ಗಂಧ ಹಚ್ಚಿಕೊಳ್ಳುತ್ತಾ ಹತ್ತಿರ ಬಂದು, “ಸ್ವಾಮಿ ಕಿಲೋಮೀಟರ್ ಲೆಕ್ಕ ಇಡಲ್ಲಪ್ಪ. ಕೂತ್ಕೋ,” ಎಂದರು.

“ಅವನು ಇಡಲ್ಲ ಅಣ್ಣಾ,” ಎಂದರು ಯಜಮಾನರು. “ನಾನು ಇಟ್ಟಿದ್ದೆ.”

ಅವರು ಮುಡಿ ಕೊಡಲಿಲ್ಲ. ದರ್ಶನದ ಸಾಲಿನಲ್ಲಿ ನನ್ನ ಹಿಂದೆ ಕುಂಟುತ್ತಾ ಬಂದರು. ಗರ್ಭಗುಡಿಯ ಮುಂದೆ ನಮ್ಮನ್ನು ತಳ್ಳುವ ಮುನ್ನ ದೊರೆತ ಕ್ಷಣದಲ್ಲಿ ನಾನು ಏನು ಬೇಡಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದೆನೋ ಅದು ನೆನಪಿಗೆ ಬರಲಿಲ್ಲ. ಅವರು ಏನು ಹೇಳಿಕೊಂಡರೆಂದು ನಾನು ಇದುವರೆಗೂ ಕೇಳಿರುವುದಿಲ್ಲ.

ಮುಂದಿನ ವರ್ಷ ಹೊರಡುವವರ ಗಮನಕ್ಕೆ ಇಷ್ಟನ್ನು ತರಬಯಸುತ್ತೇನೆ. ಮಳೆ, ಚಳಿಗೆ ನಾವು ಮಾಡಿಕೊಂಡ ಏರ್ಪಾಡು ಸರಿಯಾಗಿಯೇ ಇತ್ತು. ಆದರೆ ಬರಿಗಾಲಿನಲ್ಲಿ ನಡೆಯುವವರು ನಡುಮಧ್ಯಾಹ್ನದ ಡಾಂಬರಿನ ಮೇಲೂ ಅಭ್ಯಾಸ ಮಾಡತಕ್ಕದ್ದು. ನೆನೆದ ಪಾದವನ್ನು ರಾತ್ರಿ ಪೂರ್ತಿ ಒಣಗಿಸತಕ್ಕದ್ದು. ಘಾಟಿಯ ಕೆಳಗೆ ಬಿಸಿಲೇರಿದ ಮೇಲೆ ನಡೆಯಕೂಡದು. ಇದನ್ನು ಯಾರಾದರೂ ನಮಗೆ ಶ್ರಾವಣದಲ್ಲಿ ಹೇಳಿದ್ದರೆ ಈ ಬರಹದ ಉಳಿದ ಭಾಗ ಬೇರೆಯಾಗಿರುತ್ತಿತ್ತು.

ಹಿಂತಿರುಗುವಾಗ ಬಸ್ಸು ನಮ್ಮನ್ನು ಟಿನ್ ಫ್ಯಾಕ್ಟರಿಯಲ್ಲಿ ಇಳಿಸಿತು. ಅಲ್ಲಿಂದ ಆಟೋಗಳಲ್ಲಿ ಹಲಸೂರು ಸೇರಿದೆವು. ನಡೆದು ಬಂದವರ ಕಾಲು ತೊಳೆದು ಒಳಗೆ ಕರೆದುಕೊಳ್ಳುವುದು ನಮ್ಮ ಬೀದಿಯ ಪದ್ಧತಿ. ಎದುರುಮನೆಯ ಶಾಂತಮ್ಮನವರು ಅರಿಸಿನದ ನೀರಿನ ಬಿಂದಿಗೆ ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಮನೆಯ ಹಿರಿಯರೆಂದು ಮೊದಲು ಯಜಮಾನರ ಕಡೆಗೆ ಬಾಗಿದರು. ಯಜಮಾನರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

“ನನಗೆ ಬೇಡಮ್ಮ. ಅವಳ ಕಾಲಿಗೆ ಹಾಕಿ,” ಎಂದರು. “ನಡೆದೋಳು ಅವಳೇ.”

ನೀರು ತಣ್ಣಗಿತ್ತು. ಶಾಂತಮ್ಮನವರು ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಿಂದಿಗೆ ಬರಿದಾಗುವವರೆಗೂ ಯಜಮಾನರು ಬೀದಿಯಲ್ಲೇ ನಿಂತಿದ್ದು, ಅನಂತರ ಒದ್ದೆಯಾದ ಹೊಸ್ತಿಲನ್ನು ತುಳಿಯದೆ, ಹಿತ್ತಲ ಕಡೆಯಿಂದ ಮನೆಯೊಳಗೆ ಹೋದರು.