ಬೆಲ್ಲಕ್ಕೆ ಇಳಿಯದ ಧೂಳು

ಇಳಕಲ್ಲಿಗೆ ಬಂದ ಮೊದಲ ಸಂಜೆ ಬಾಗಿಲು ತೆಗೆದವಳು ಕಿಟಾರನೆ ಕಿರುಚಿದೆ. ಎದುರಿಗೆ ತಲೆಗೂದಲಿಂದ ಕಾಲುಗುರಿನವರೆಗೆ, ಕಣ್ಣರೆಪ್ಪೆ ಸಮೇತ, ಬೆಳ್ಳಗಾದ ಮನುಷ್ಯ ನಿಂತಿದ್ದ. ಒಳಗಿನಿಂದ ಮನೆಯೊಡತಿ ಮೆಹಬೂಬಿ ಬಿದ್ದು ಬಿದ್ದು ನಕ್ಕರು. "ಅಂಜಬ್ಯಾಡವಾ, ನಮ್ಮ ಮನಿಯವರು! ಕಲ್ಲ ಕೊಯ್ದು ಬಂದಾರ" ಎನ್ನುತ್ತ ಗಂಡನ ಕೈಗೊಂದು ಬೆಲ್ಲದ ಚೂರು ಇಟ್ಟರು. ಬೆಲ್ಲ ತಿಂದರೆ ಎದೆಯೊಳಗಿನ ಧೂಳೆಲ್ಲ ಇಳಿದುಹೋಗುತ್ತದಂತೆ!

ನಾನು ಮಂಡ್ಯದವಳು. ಬಾಗಲಕೋಟೆಯಲ್ಲಿ ನರ್ಸಿಂಗ್ ಸ್ನಾತಕೋತ್ತರ ಓದುತ್ತಿದ್ದೇನೆ. ದುಡಿಯುವ ಜಾಗದಲ್ಲೇ ದುಡಿಯುವವರ ಆರೋಗ್ಯ ನೋಡುವುದು ನನ್ನ ವಿಷಯ. ಅದಕ್ಕೆಂದೇ ಗ್ರಾನೈಟ್ ಕಾರ್ಖಾನೆಗಳಿರುವ ಇಳಕಲ್ಲಿನಲ್ಲಿ ಕೋಣೆ ಹಿಡಿದೆ. ಪುಸ್ತಕದಲ್ಲಿ ಎಲ್ಲ ಸಲೀಸು. ಇಲ್ಲಿ ನನ್ನ ಕನ್ನಡವೇ ಯಾರಿಗೂ ಹಿಡಿಸಲಿಲ್ಲ. "ದಯವಿಟ್ಟು ಮಾಸ್ಕ್ ಹಾಕಿಕೊಳ್ಳಿ" ಎಂದರೆ ಕಾರ್ಮಿಕರು, "ಏನ್ರಿ ಮೇಡಂ, ಟಿವ್ಯಾಗ ವಾರ್ತಾ ಓದಿದಂಗ ಮಾತಾಡ್ತೀರಿ" ಎಂದು ಕಿಚಾಯಿಸುತ್ತಿದ್ದರು. ನಮ್ಮಲ್ಲಿ ಮುದ್ದೆ ನುಂಗಿದರಾಯಿತು. ಇಲ್ಲಿ ಖಡಕ್ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ಒಂಟಿತನಕ್ಕೆ ಅಳು ಬಂದಾಗೆಲ್ಲ ಮೆಹಬೂಬಿ ತಮ್ಮ ಸೀರೆ ಮಗ್ಗ ಬಿಟ್ಟು ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಬರಬರುತ್ತ ಅವರು ಚಾಚಿಯಾದರು, ಅಂದರೆ ಚಿಕ್ಕಮ್ಮ. ಅವರ ಗಂಡ ಮೌಲಾಸಾಬರು ಚಾಚಾ.

ಚಾಚಾ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಎಕ್ಸ್-ರೇ ತೆಗೆಸೋಣವೆಂದರೆ ಮಾತು ತೇಲಿಸುವರು. ಅಷ್ಟರಲ್ಲಿ ನಾನೇ ಎಡವಟ್ಟು ಮಾಡಿಕೊಂಡೆ. ಊರಿಗೆ ಹೋದಾಗ ಅವ್ವ ಆಲೆಮನೆಯ ಅಚ್ಚುಬೆಲ್ಲ ಕಟ್ಟಿಕೊಟ್ಟಳು. ಬರಿಗೈಯಲ್ಲಿ ಹೋಗಬಾರದೆಂದು ತಂದುಕೊಟ್ಟೆ. ಚಾಚಾ ಮುಖ ಅರಳಿತು. "ಮಂಡ್ಯದ ಬೆಲ್ಲ! ಇನ್ನ ಫೋಟೊ-ಗೀಟೊ ಯಾಕ ಬೇಕು ಬೇಟಿ?"

ತಲೆ ಚಚ್ಚಿಕೊಳ್ಳುವಂತಾಯಿತು. ನರ್ಸಾಗಿ ಬಂದವಳು ಕಾಯಿಲೆಯ ಬೆಂಬಲಕ್ಕೆ ನಿಂತ ಹಾಗಾಯಿತಲ್ಲ! ಕೊಡುವಾಗ ಮಗಳಾಗಿದ್ದೆ, ಬೈಯುವಾಗ ನರ್ಸಾಗಬೇಕು. ಇವರಿಗೆ ನಾನು ಏನಾಗಬೇಕು? ಕೊನೆಗೆ ಪಟ್ಟು ಹಿಡಿದವರು ಚಾಚಿ. ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದರು. "ದವಾಖಾನಿಗೆ ಹೋಗಿ ಬರ್ರಿ, ಆಮ್ಯಾಲೆ ತಿನ್ನೀರಂತ."

ಬಾಗಲಕೋಟೆಯ ವೈದ್ಯರು ಎಕ್ಸ್-ರೇ ನೋಡಿ ನನ್ನೊಬ್ಬಳನ್ನೇ ಒಳಗೆ ಕರೆದರು. ಕಲ್ಲಿನ ಧೂಳು ಎರಡೂ ಶ್ವಾಸಕೋಶದಲ್ಲಿ ಕೂತಿದೆ, ಹಾಳಾದದ್ದು ಸರಿಹೋಗದು, ಆ ಕೆಲಸ ಬಿಟ್ಟರೆ ಉಳಿದದ್ದು ಉಳಿದೀತು. "ನೀವೇ ತಿಳಿಸಿ ಹೇಳಿ, ನರ್ಸಲ್ಲವೆ?" ಎಂದರು.

ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಚಾಚಾ ಇಳಿದು ನನಗೆಂದು ಆ ಊರಿನ ಸಿಹಿ ಕರದಂಟು ತಂದು ಪಕ್ಕದಲ್ಲಿ ಕೂತರು. "ಡಾಕ್ಟರ್ ಏನಂದ್ರು?"

"ನಿಮ್ಮ ಶ್ವಾಸಕೋಶದಲ್ಲಿ..." ಎಂದು ಶುರುಮಾಡಿದೆ.

"ಹಂಗ ಬ್ಯಾಡ ಬೇಟಿ. ಮನ್ಯಾಗ ಮಾತಾಡಿದಂಗ ಹೇಳು."

ಮಂಡ್ಯದ ಮಾತು ಬಾಯಿಗೆ ಬರಲೇ ಇಲ್ಲ. "ಚಾಚಾ, ಧೂಳ ಎದಿಯಾಗ ಕುಂತೈತಿ. ಬೆಲ್ಲಕ್ಕ ಹೋಗಂಗಿಲ್ಲ, ಔಷಧಕ್ಕೂ ಹೋಗಂಗಿಲ್ಲ. ಕಲ್ಲ ಕೊಯ್ಯೂದು ಬಿಡ್ರಿ, ನಿಮ್ಮ ಕಾಲ ಬೀಳ್ತೇನಿ" ಎಂದು ಅತ್ತುಬಿಟ್ಟೆ.

ಚಾಚಾ ಕರದಂಟಿನ ಪೊಟ್ಟಣ ಬಿಚ್ಚಿ ಒಂದು ತುಂಡು ನನ್ನ ಕೈಗಿಟ್ಟರು. ಹುನಗುಂದ ದಾಟಿದ ಮೇಲೆ ಬಾಯಿ ಬಿಟ್ಟರು. "ಬಿಡ್ತೇನಿ. ನಿಮ್ಮ ಚಾಚಿ ಮಗ್ಗ ಐತಿ, ಅದರಾಗ ಕುಂಡ್ರತೇನಿ. ಆದ್ರ ನನ್ನ ಎದಿ ನೋಡೋರು ಯಾರು? ಓದು ಮುಗದ ಮ್ಯಾಲೆ ನೀ ಹೊಂಟ ಹೋಗ್ತಿ, ಹೌದಿಲ್ಲ?"

ಅವ್ವ ಆಗಲೇ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸದ ಮಾತಾಡಿಟ್ಟಿದ್ದಾಳೆ. ಹೌದೆನ್ನಲು ಬಾಯಿ ತೆರೆದವಳು "ಇಲ್ಲ ಚಾಚಾ" ಎಂದುಬಿಟ್ಟೆ. ಇಳಕಲ್ಲಿನಲ್ಲಿ ಇಳಿಯುವಾಗ ಅವ್ವನ ಫೋನು ಬಂತು. ಎತ್ತುವ ಧೈರ್ಯವಾಗಲಿಲ್ಲ.